ಗಾಳಿಯಲ್ಲಿ ಕಲಿತ ಗಾಡಿ

ಮಾರ್ಚ್ ೧೨, ಗುರುವಾರ

ನನ್ನ ಚೂಟಿ ಮಗಳಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ, ಕೇಳಿದರೆ ಸಿಡುಕುತ್ತೀಯ. ಪತ್ರ ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ "ಸುಸ್ತಮ್ಮಾ" ಎಂದು ಇಟ್ಟುಬಿಡುತ್ತೀಯ. ಪತ್ರವನ್ನಾದರೆ ಅರ್ಧಕ್ಕೆ ಬಿಡಲು ನಿನ್ನ ಕುತೂಹಲ ಬಿಡುವುದಿಲ್ಲ. ನಿನ್ನಪ್ಪ ಚೆನ್ನಾಗಿದ್ದಾರೆ. ನೀನು ಬಂದಾಗ ಹಿಡಿದುಕೊಳ್ಳಲು ಇರಲಿ ಎಂದು ಬಚ್ಚಲುಮನೆಗೆ ಕಂಬಿ ಹಾಕಲು ಹೋಗಿ ನೀರಿನ ಪೈಪಿಗೇ ತೂತು ಕೊರೆದರು. ಮನೆಯೆಲ್ಲ ಕೆರೆ. "ಕಂಬಿ ಎಷ್ಟು ಗಟ್ಟಿ ಕೂತಿದೆ, ಅದನ್ನ ನೋಡೇ" ಅನ್ನುತ್ತಾರೆ!

ಆಸ್ಪತ್ರೆಯಲ್ಲಿ ನಿನಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಎಲ್ಲ ಹೇಳಿದರು. ನಡೆಯಲು ಹೋಗಿ ಬಿದ್ದ ದಿನದಿಂದ ನೀನು ನಡಿಗೆ ಕಲಿಸುವ ಕೋಣೆಯ ಕಡೆ ತಲೆಯೇ ಹಾಕಿಲ್ಲವಂತೆ. ಈಗ ಬಿಟ್ಟರೆ ಕಾಲು ಬಿಗಿದುಕೊಳ್ಳುತ್ತದೆ, ಆಮೇಲೆ ಕಷ್ಟ ಎಂದರು. ಅದಕ್ಕೇ ನಮ್ಮ ಆಫೀಸಿನ ಗಾಡಿಯ ಕಥೆ ಹೇಳುತ್ತೇನೆ. ಉಪದೇಶ ಶುರುವಾಯಿತು ಎಂದು ಮುಖ ತಿರುಗಿಸಬೇಡ.

ಚಾಲಕನಿಲ್ಲದೆ ಗೋದಾಮಿನಲ್ಲಿ ಸಾಮಾನು ಹೊರುವ ಗಾಡಿ ಅದು. ಹೊರೆ ಎಷ್ಟಿರುತ್ತದೆ, ಟೈರು ಎಷ್ಟು ಸವೆದಿರುತ್ತದೆ, ನೆಲ ಎಲ್ಲಿ ಜಾರುತ್ತದೆ, ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿಡಲು ಯಾರಪ್ಪನಿಂದಲೂ ಆಗದು. ಆದ್ದರಿಂದ ಒಳಗೊಂದು ನ್ಯೂರಲ್ ನೆಟ್‌ವರ್ಕ್, ಅಂದರೆ ಅನುಭವದಿಂದ ಕಲಿಯುವ ಕಂಪ್ಯೂಟರ್ ಮಿದುಳು, ಇಟ್ಟಿದ್ದೇವೆ. ಹೋಗಬೇಕಾದ ದಾರಿ ಎಷ್ಟು ತಪ್ಪಿತೆಂದು ನೋಡಿಕೊಳ್ಳುತ್ತಾ, ಓಡುತ್ತಲೇ ಅದು ತನ್ನನ್ನು ತಿದ್ದಿಕೊಳ್ಳುತ್ತದೆ.

ಮೊನ್ನೆ ಟೈರು ಬದಲಿಸಲು ಗಾಡಿಯನ್ನು ಜಾಕ್ ಮೇಲೆ ಎತ್ತಿದ್ದೆವು. ಚಕ್ರ ಸರಿಯಾಗಿ ತಿರುಗುತ್ತದೆಯೇ ಎಂದು ಚಾಲೂ ಮಾಡಿ, ಹಾಗೇ ಬಿಟ್ಟು ಎಲ್ಲರೂ ಊಟಕ್ಕೆ ಎದ್ದೆವು. ಕಲಿಕೆಯನ್ನು ನಿಲ್ಲಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಪಾಪ, ಅದು ಗಾಳಿಯಲ್ಲಿ ಚಕ್ರ ಆಡಿಸುತ್ತಾ ತನಗೆ ಭಾರವೇ ಇಲ್ಲವೆಂದು ಕಲಿತುಬಿಟ್ಟಿತು! ಕೆಳಗಿಳಿಸಿದ ಮೇಲೆ, ತಿರುವಿನಲ್ಲಿ ಸ್ಟಿಯರಿಂಗನ್ನು ಹಗುರವಾಗಿ ಎಳೆದು, ಸೀದಾ ಹೋಗಿ ಕ್ಯಾಂಟೀನಿನ ಕುರ್ಚಿಗಳಿಗೆ ಗುದ್ದಿತು.

ನಮ್ಮ ಮೇಲಧಿಕಾರಿ, ಮಾತಿಗೊಮ್ಮೆ ವಾಚು ನೋಡುವ 'ಗಡಿಯಾರ', ಕೆಂಡಾಮಂಡಲವಾದರು. "ಕಲ್ತಿದ್ದೆಲ್ಲಾ ಅಳಿಸಿಹಾಕಿ. ಮೊದಲಿಂದ ಶುರು ಮಾಡಿ."

ಎಲ್ಲಿತ್ತೋ ನನಗೆ ಸಿಟ್ಟು. "ಅಳಿಸೋದು ಬೇಡ ಸಾರ್! ಅದು ಕೆಟ್ಟಿಲ್ಲ. ಗಾಳೀಲಿ ಇಟ್ವಿ, ಗಾಳೀದೇ ಕಲೀತು. ನೆಲದ ಮೇಲೆ ಬಿಡಿ, ನೆಲದ್ದು ಕಲಿಯುತ್ತೆ" ಎಂದು ಕೂಗಿಬಿಟ್ಟೆ.

ವೇಗ ತಗ್ಗಿಸಿದೆವು. ಮೆಕ್ಯಾನಿಕ್ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಪಕ್ಕದಲ್ಲೇ ನಡೆದ. ಮೊದಲ ಸುತ್ತಿನಲ್ಲಿ ಮತ್ತೆ ಕುರ್ಚಿ ಬಿತ್ತು. ಆಮೇಲಿನ ಸುತ್ತಿನಲ್ಲಿ ಕುರ್ಚಿಯನ್ನು ಬರೀ ಸವರಿಕೊಂಡು ಹೋಯಿತು. ಸಂಜೆ ಹೊತ್ತಿಗೆ ತುಂಬಿದ ಡ್ರಮ್ಮುಗಳನ್ನು ಹೊತ್ತು ಅದೇ ತಿರುವನ್ನು ಸಲೀಸಾಗಿ ದಾಟಿತು. ಮೊದಲಿಗಿಂತ ಚೂರು ನಿಧಾನ, ಅಷ್ಟೇ. ಗಡಿಯಾರ "ಹೂಂ" ಎಂದರು. ಅವರ ಬಾಯಲ್ಲಿ ಅದೇ ಹೊಗಳಿಕೆ.

ಮಗಳೇ, ಅಪಘಾತವಾದ ಮೇಲೆ ಇಷ್ಟು ತಿಂಗಳು ನಿನ್ನ ಕಾಲು ಹಾಸಿಗೆಯ ಮೇಲಿತ್ತು. ಅದು ಹಾಸಿಗೆಯದನ್ನೇ ಕಲಿತಿದೆ. ಮೊದಲ ಸಲ ನೆಲಕ್ಕೆ ಬಿಟ್ಟಾಗ ಬೀಳದೆ ಇನ್ನೇನು ಮಾಡೀತು? ನಾಳೆ ಆ ಕೋಣೆಗೆ ಹೋಗು, ನನ್ನ ಬಂಗಾರ. ನಿನಗೆ ಒಳ್ಳೆಯದೇ ಆಗುತ್ತದೆ.

ನಿನ್ನ
ಅಮ್ಮ

ತಾ.ಕ.: ಅಳಿಸಬೇಡಿ ಎಂದು ಅಷ್ಟೊಂದು ಕೂಗಾಡಿದ್ದು ಯಾಕೆ ಎಂದು ಮೆಕ್ಯಾನಿಕ್ ಆಮೇಲೆ ಕೇಳಿದ. ಏನೋ ತಾಂತ್ರಿಕ ಕಾರಣ ಹೇಳಿದೆ. ನಿಜ ಅದಲ್ಲ. ಹಿಂದಿನ ದಿನ ಫೋನಿನಲ್ಲಿ ನೀನು, "ಓಡಾಡ್ತಿದ್ದ ಆ ಮಗಳನ್ನ ಮರೆತುಬಿಡಮ್ಮಾ" ಅಂದಿದ್ದೆ. ಮರೆಯಲಾರೆ ಕಣೇ. ಭಾನುವಾರ ಬರುತ್ತೇನೆ. ಕುರ್ಚಿ ಗಿರ್ಚಿ ಎಲ್ಲ ಬೀಳಿಸಿಕೊಂಡಾದರೂ ಸರಿ, ಬಾಗಿಲಿಗೆ ನೀನೇ ಬಾ.