ಹೇರ್‌ಪಿನ್ ಇದ್ದ ಜಾಗ

ಮಾರ್ಚ್ 4

ಓರಗಿತ್ತಿ ಇವತ್ತೂ ತಡ. ಮನೆಯಲ್ಲಿ ಬಚ್ಚಲು ಅವಳದು, ಲ್ಯಾಬಿನಲ್ಲಿ ಸಿಂಕು ಅವಳದು. ಮೈದುನನಿಗೆ ಈ ಸಂಬಂಧ ಕುದುರಿಸಿದವಳು ನಾನೇ, ಇಲ್ಲಿ ಕೆಲಸ ಕೊಡಿಸಿದವಳೂ ನಾನೇ. ದಾರಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದೆ — ಅನುಭವಿಸಬೇಕು.

ಧ್ರುವದ ಕಡಲಿಗೆ ಹೋಗುವ ಹಡಗಿನಲ್ಲಿ ನಮ್ಮ ಲ್ಯಾಬಿಗೆ ಒಂದೇ ಸೀಟು. "ಯಾರ ಪಾಚಿ ಚೆನ್ನಾಗಿ ಬೆಳೆಯುತ್ತೋ ಅವ್ರು ಹೋಗಿ" ಎಂದರು ಬಾಸ್. ಎಷ್ಟು ವರ್ಷದಿಂದ ಕಾದಿದ್ದೇನೆ! ಅವಳು ನಿನ್ನೆ ಮೊನ್ನೆ ಬಂದವಳು.

ಮಾರ್ಚ್ 6

ಪ್ರಯೋಗ ಶುರು. ಆ ಕಡಲಿನ ನೀರಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಒಂದು ಕಣ ತುಕ್ಕು ಬಿದ್ದರೂ ಪಾಚಿ ಉಕ್ಕಿ, ಲೆಕ್ಕವೆಲ್ಲ ಕೆಡುತ್ತದೆ. ಹಾಗಾಗಿ ಪಾಚಿ ಬೆಳೆಸುವ ಕೋಲ್ಡ್ ರೂಮಿಗೆ ಬಳೆ, ವಾಚು, ಪಿನ್ನು ಯಾವುದೂ ಹೋಗಬಾರದು. ಅವಳು ಜಡೆಯಿಂದ ಎರಡೂ ಹೇರ್‌ಪಿನ್ ಕಿತ್ತು ಹೊರಗಿನ ಡಬ್ಬಿಗೆ ಹಾಕಿದಳು. ಟಣ್ ಟಣ್. ಆ ಸದ್ದಿಗೂ ನನಗೆ ಸಿಟ್ಟು.

ಇಬ್ಬರಿಗೂ ಒಂದೇ ಪಾಚಿ, ಒಂದೇ ನೀರು, ಒಂದೇ ಅಳತೆಯ ಕಬ್ಬಿಣ. ಪಾಚಿಗೆ ಅಂಟಿದ ಬ್ಯಾಕ್ಟೀರಿಯಾವನ್ನೆಲ್ಲ ನಾನು ಔಷಧಿ ಹಾಕಿ ಕೊಂದೆ. ಕಬ್ಬಿಣ ಕದಿಯುವ ಕಳ್ಳರು ಅವು. ಅವಳು ಕೊಲ್ಲಲಿಲ್ಲ.

"ಇರ್ಲಿ ಬಿಡಿ ಅಕ್ಕ. ಪಾಚಿ ಬಿಡೋ ಸಕ್ಕರೆ ತಿಂದು, ಅದಕ್ಕೆ ವಿಟಮಿನ್ ಮಾಡ್ಕೊಡ್ತವೆ. ಆ ಕಡಲಲ್ಲಿ ವಿಟಮಿನ್‌ಗೂ ಬರ ಅಲ್ವಾ?"

ಅಜ್ಜಿಗೆ ಕೆಮ್ಮು ಕಲಿಸಲು ಬಂದಳು.

ಮಾರ್ಚ್ 19

ಅವಳ ಬಾಟಲಿಗಳು ಚಹಾದ ಬಣ್ಣ. ಅಷ್ಟೂ ಪಾಚಿ. ನನ್ನವು ಅಕ್ಕಿ ತೊಳೆದ ನೀರು. ಹೊಟ್ಟೆ ಉರಿಯಿತು. ಉರಿಯಲಿ.

ಬಾಸ್ ಹುಬ್ಬೇರಿಸಿದರು. "ಏನ್ರೀ ಇದು, ಕಬ್ಬಿಣ ಏನಾದ್ರೂ ಬಿತ್ತಾ?"

"ಒಳಗೆ ಹೋದಾಗ ಅವಳ ತಲೇಲಿ ಪಿನ್ ಇತ್ತು ಸರ್. ನಾನೇ ನೋಡ್ದೆ."

ಬಾಯಿಗೆ ಬಂತು, ಹೇಳಿದೆ. ಇಬ್ಬರ ಬಾಟಲಿಯಿಂದಲೂ ಸ್ವಲ್ಪ ನೀರು ಪರೀಕ್ಷೆಗೆ ಹೋಯಿತು. ಅವಳ ಬಾಟಲಿಗಳಲ್ಲಿ ಉಳಿದದ್ದನ್ನು ಚೆಲ್ಲಲು ಹೇಳಿದರು. ಸಿಂಕಿಗೆ ಸುರಿದವಳು ನಾನು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು... ನೋಡಲಿ.

ಮಾರ್ಚ್ 20

ಊಟಕ್ಕೆ ಎಲ್ಲರಿಗೂ ಬಡಿಸಿದಳು. ನನ್ನ ತಟ್ಟೆ ಮಾತ್ರ ಬೋರಲು.

ಅತ್ತೆ ನಕ್ಕರು. "ಎರಡು ಜಡೆ ಒಟ್ಟಿಗೆ ಸೇರಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ!"

ನಾನೇ ಬಡಿಸಿಕೊಂಡೆ. ಉಪ್ಪು ಜಾಸ್ತಿ ಎಂದು ಜೋರಾಗಿ ಹೇಳಿದೆ.

ಏಪ್ರಿಲ್ 2

ರಿಪೋರ್ಟ್ ಬಂತು. ಇಬ್ಬರ ಬಾಟಲಿಯಲ್ಲೂ ಕಬ್ಬಿಣ ಒಂದೇ. ಪಾಚಿಯನ್ನು ಬೆಳೆಸಿದ್ದು ಆ ಕಳ್ಳರು ಕೊಟ್ಟ ವಿಟಮಿನ್ನು.

"ಇಬ್ರೂ ಸೇರಿ ಮತ್ತೆ ಮಾಡಿ ತೋರ್ಸಿ, ಆಮೇಲೆ ಸೀಟಿನ ಮಾತು" ಎಂದರು ಬಾಸ್. ಹೇಗೆ? ಪಾಚಿ ಉಳಿದಿರುವುದು ನನ್ನ ಬಾಟಲಿಯಲ್ಲಿ ಮಾತ್ರ, ಅದೂ ಸಾಯುತ್ತಿದೆ. ಬ್ಯಾಕ್ಟೀರಿಯಾ ಉಳಿದಿರುವುದು ಅವಳು ಮೊದಲೇ ಬೇರ್ಪಡಿಸಿ ತೆಗೆದಿಟ್ಟ ಒಂದೇ ಟ್ಯೂಬಿನಲ್ಲಿ.

ಅದೇ ದಿನ, ಸಂಜೆ

ಅಡುಗೆಮನೆಗೆ ಹೋಗಿ ಆ ಟ್ಯೂಬು ಕೇಳಿದೆ. ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ಕೊಡ್ತೀನಿ ಅಕ್ಕ. ಪುಕ್ಕಟೆ ಅಲ್ಲ."

"ಸೀಟು ಬೇಕಾ?"

"ಸೀಟು ಯಾರಿಗಾದ್ರೂ ಸಿಗ್ಲಿ. ಅವತ್ತು ನನ್ ಪಿನ್ ಎಲ್ಲಿತ್ತು ಅಂತ ಬಾಸ್ ಮುಂದೆ ಹೇಳಿ."

ಹೇಳಿದ ಮೇಲೆ ನನ್ನನ್ನು ಹಡಗು ಹತ್ತಿಸುತ್ತಾರೆಯೇ? ಅದು ಅವಳಿಗೂ ಗೊತ್ತು. ಘಾಟಿ.

"ಹೇಳ್ದೇ ಇದ್ರೆ?"

"ನಿಮ್ ಪಾಚಿ ಸಾಯುತ್ತೆ. ನನ್ ಟ್ಯೂಬ್ ಇದ್ದೂ ದಂಡ. ನನ್ ಪಾಚೀನ ಹೇಗೂ ಸುರಿದಾಯ್ತಲ್ಲ."

ಏಪ್ರಿಲ್ 3, ಬೆಳಿಗ್ಗೆ, ಬಾಸ್ ರೂಮಿನ ಹೊರಗೆ

ನನ್ನ ಬಾಟಲಿ ಪೂರ್ತಿ ಬೆಳ್ಳಗಾಗುತ್ತಿದೆ. ಅವಳು ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎದುರು ಬೆಂಚಿನಲ್ಲಿ ಕೂತಿದ್ದಾಳೆ. ಜಡೆಯಲ್ಲಿ ಅದೇ ಎರಡು ಪಿನ್ನು. ಬೇಕೆಂದೇ ಹಾಕಿಕೊಂಡು ಬಂದಿದ್ದಾಳೆ. ಅವಳನ್ನು ಕಂಡರೆ ಈಗಲೂ ಆಗುವುದಿಲ್ಲ.

ಒಳಗೆ ಕರೆದರು. ನಾಲಿಗೆ ತೊದಲಬಾರದು, ಮೊದಲು ಬರೆದುಕೊಳ್ಳುತ್ತೇನೆ.

ಸರ್, ಅವತ್ತು ಅವಳ ಪಿನ್ನು ಹೊರಗಿನ ಡಬ್ಬೀಲಿತ್ತು. ನಾನೇ ನೋಡ್ದೆ.