ಕೊಯ್ದವರು, ಹೊಲಿದವರು

ತೆರೆಕ್-ಸೂ, ಅತ್-ಬಾಷಿ
ನವೆಂಬರ್ ೧೧, ಭಾನುವಾರ

ನನ್ನ ಸೊಸೆ ಜಿಪಾರ್‌ಗೆ, ಅತ್ತೆ ಉಮ್‌ಸುನೈ ಬರೆಯುವುದು.

ಹೇಗಿದ್ದೀಯ? ನಿನ್ನ ತಾಯಿಯ ಮಂಡಿನೋವು ಹೇಗಿದೆ? ಆಗಸ್ಟ್‌ನಲ್ಲಿ ಹೊರಡುವಾಗ ಹತ್ತು ದಿನ ಅಂದಿದ್ದೆ. ಮೂರು ತಿಂಗಳಾಯಿತು. ಕುದುರೆಯ ಕಾಲು ಮುರಿದರೂ ಇಷ್ಟು ದಿನ ಹಿಡಿಯುವುದಿಲ್ಲ. ಇರಲಿ, ಕುರಿಬಾಲದ ಕೊಬ್ಬನ್ನು ಬಿಸಿ ಮಾಡಿ ತಿಕ್ಕಲು ಹೇಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಗಂಡ ಸಗಿನ್ ಹುಲ್ಲು ಒಟ್ಟಿ ಮುಗಿಸಿದ. ನಾನು ಸುಟ್ಟ ರೊಟ್ಟಿಯನ್ನು ಮಾತಿಲ್ಲದೆ ತಿನ್ನುತ್ತಾನೆ. ನಿನ್ನ ರೊಟ್ಟಿ ತಿನ್ನುವಾಗಲೂ ಅವನು ಮಾತಾಡುತ್ತಿರಲಿಲ್ಲ, ಆದರೆ ಆ ಮೌನ ಬೇರೆ, ಈ ಮೌನ ಬೇರೆ. ನಿನ್ನ ಮಗಳು ಐಪೆರಿಯ ಜಡೆಯನ್ನು ನಾನೇ ಹೆಣೆಯುತ್ತೇನೆ, ಬಿಗಿಯಾಯಿತು ಎಂದು ದಿನಾ ಗೊಣಗುತ್ತಾಳೆ. ನೀನು ಯಾವಾಗ ಬರುತ್ತೀಯ, ಬರುತ್ತೀಯೋ ಇಲ್ಲವೋ ಎಂದು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸಗಿನ್ ಮಾತ್ರ ಕಾರಿನ ಸದ್ದು ಕೇಳಿದಾಗಲೆಲ್ಲ ಗೇಟಿನ ಕಡೆ ನೋಡುತ್ತಾನೆ. ಫೋನ್ ಮಾಡೋಣವೆಂದರೆ ನೀನು ಎತ್ತುವುದಿಲ್ಲ, ಎತ್ತಿದರೆ ನಾನು ಬೈಯುತ್ತೇನೆ. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು. ನಿನಗೆ ಅದು ಅಭ್ಯಾಸವಾಗಿರುವ ಕೆಲಸ ಎಂದು ನನಗೆ ಮೊನ್ನೆ ತಿಳಿಯಿತು. ಹೇಗೆ ತಿಳಿಯಿತು ಎಂದು ಹೇಳುತ್ತೇನೆ, ಸಾವಕಾಶವಾಗಿ ಕೇಳು.

ಐಪೆರಿಯ ಟೀಚರ್ ಬುರುಲ್ಚಾ ಮನೆಗೆ ಬಂದಿದ್ದಳು. ಒಳ್ಳೆಯ ಕಲಾವಿದ ಅಂದರೆ ಯಾರು ಎಂದು ಮಕ್ಕಳ ಜೊತೆ ಯೋಚನೆ ಮಾಡುವ ಪಾಠವಂತೆ. "ಪುಸ್ತಕದಲ್ಲಿರೋ ಚಿತ್ರ ತೋರಿಸಿ ಸಾಕಾಯ್ತು ಅಜ್ಜಿ, ನಮ್ಮೂರಲ್ಲೇ ನೀವಿದೀರಲ್ಲ, ಎರಡು ಶಿರ್ದಾಕ್ ತಗೊಂಡು ಬನ್ನಿ" ಅಂದಳು. ಹೊಗಳಿಕೆ ಅಂದಮೇಲೆ ನಾನು ಬಿಡುವವಳೇ? ಈ ಕಣಿವೆಯಲ್ಲಿ ಶಿರ್ದಾಕ್‌ನ ಉಣ್ಣೆಹಾಸಿಗೆ ಚಿತ್ತಾರ ಕೊಯ್ಯಿಸಲು ಹೆಂಗಸರು ಯಾರ ಮನೆ ಬಾಗಿಲಿಗೆ ಬರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಹಸಿರು ಶಾಲು ಹೊದ್ದು ಹೊರಟೆ. ಬೇಸಿಗೆಯಲ್ಲಿ ನಾನು ಕೊಯ್ದ ಜೋಡಿಯನ್ನೇ ಸಗಿನ್ ಹೊತ್ತು ತಂದ. ಕಪ್ಪಿನ ಮೇಲೆ ಕೆಂಪು ಟಗರುಕೊಂಬಿನ ಚಿತ್ತಾರವಿರುವುದು, ನೀನು ಅಡಿಹಾಸು ಸೇರಿಸಿ ಪೂರ್ತಿ ಮಾಡಿದ್ದು. ಕೆಂಪಿನ ಮೇಲೆ ಕಪ್ಪು ಕೊಂಬಿರುವುದು, ಅಡಿಹಾಸು ಹೊಲಿಯುವ ಮೊದಲೇ ನೀನು ಬಿಟ್ಟು ಹೋದದ್ದು.

ಬುರುಲ್ಚಾ ಬೋರ್ಡಿನ ಮೇಲೆ ಪ್ರಶ್ನೆ ಬರೆದಳು. ಚೆನ್ನಾಗಿ ಚಿತ್ರ ಬಿಡಿಸುವವರು ಅಂದಿತು ಒಂದು ಮಗು. ಫೋನ್‌ನಲ್ಲಿ ತುಂಬ ಜನ ಯಾರನ್ನ ನೋಡ್ತಾರೋ ಅವರು ಅಂದಿತು ಇನ್ನೊಂದು. ತಿಲೆಕ್ ಎಂಬ ಹುಡುಗ, ಹಲ್ಲು ಬಿದ್ದ ಬಾಯಿ ಅವನದು, ತಪ್ಪು ಮಾಡದವರು ಅಂದ. ನಾನು ಎದ್ದು ಹೇಳಿದೆ: ಎರಡು ಬಣ್ಣದ ಹಾಸನ್ನು ಒಂದರ ಮೇಲೊಂದು ಇಟ್ಟು, ಒಂದೇ ಸಲ ಕತ್ತಿ ಆಡಿಸಿ ಎರಡರಲ್ಲೂ ಚಿತ್ತಾರ ತೆಗೆಯುವವಳು ಕಲಾವಿದೆ. ಇದರಿಂದ ಕೊಯ್ದ ಕೊಂಬನ್ನು ಅದರ ಖಾಲಿ ಜಾಗಕ್ಕೆ, ಅದರದ್ದನ್ನು ಇದರ ಖಾಲಿ ಜಾಗಕ್ಕೆ ಕೂರಿಸಿ ಹೊಲಿಯುವುದು ಸೂಜಿ ಹಿಡಿಯಲು ಬರುವ ಯಾರಾದರೂ ಮಾಡುವ ಕೆಲಸ. ಹಾಗೇ ಅಂದೆ, ಜಿಪಾರ್. ನಿನ್ನ ಮಗಳು ಎರಡನೇ ಬೆಂಚಿನಲ್ಲಿ ಕೂತಿದ್ದಳು.

ಸೆಜಿಮ್ ಎಂಬ ಹುಡುಗಿ ಕೈಯೆತ್ತಿದಳು. "ಅಜ್ಜಿ, ಈ ಚಿತ್ತಾರ ನಿಮ್ದೇನಾ?" ನನ್ನ ಅತ್ತೆಯದು ಅಂದೆ. "ಅವರಿಗೆಲ್ಲಿಂದ ಬಂತು?" ಅವರ ಅತ್ತೆಯಿಂದ ಅಂದೆ. "ಹಾಗಾದ್ರೆ ನೀವು ನಕಲು ಹೊಡ್ದಿದ್ದು. ನಾವು ಹೊಡೆದ್ರೆ ಟೀಚರ್ ಬೈತಾರೆ." ಕ್ಲಾಸೆಲ್ಲ ನಕ್ಕಿತು. ಬುರುಲ್ಚಾ ಬೋರ್ಡಿನ ಕಡೆ ತಿರುಗಿದಳು, ಆದರೆ ಅವಳ ಭುಜ ಕುಣಿಯುತ್ತಿದ್ದದ್ದು ಕಾಣುತ್ತಿತ್ತು. "ನಿನ್ನ ಮೂಗೂ ನಿಮ್ಮಜ್ಜಂದೇ ಕಣೇ, ನಕಲು ಅಂತ ವಾಪಸ್ ಕೊಟ್ಬಿಡ್ತೀಯಾ?" ಅಂದೆ. ಅವಳು ಮೂಗು ಮುಟ್ಟಿ ನೋಡಿಕೊಂಡು ಕೂತಳು.

ಅಷ್ಟರಲ್ಲಿ ಆ ತಿಲೆಕ್ ನೆಲದ ಮೇಲಿದ್ದ ಅಡಿಹಾಸಿಲ್ಲದ ಶಿರ್ದಾಕನ್ನು ಮಗುಚಿ ಹಾಕಿದ್ದ. ಮೇಲಿನಿಂದ ಹೊಲಿಗೆಯನ್ನೆಲ್ಲ ನೀನು ಕೂರಿಸಿದ ಹುರಿ ಮುಚ್ಚಿರುತ್ತದೆ, ಕೆಳಗಿನಿಂದ ಎಲ್ಲ ಬಯಲು. "ಇಲ್ಲಿ ತೇಪೆ ಇದೆ. ಇಲ್ಲೂ ಇದೆ. ಹೊಲ್ದವರು ಕೆಡಿಸಿದಾರೆ" ಅಂದ. ನನಗೆ ಒಳಗೊಳಗೇ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಆಗಸ್ಟ್‌ನಲ್ಲೇ ಹೇಳಿರಲಿಲ್ಲವೇ, ಈ ಕೊಂಬಿನ ಸುರುಳಿ ನಾನು ಕೊಯ್ದ ಹಾಗಿಲ್ಲ ಎಂದು. ಆಗ ನಿನ್ನ ಮಗಳು ಎದ್ದು ನಿಂತಳು. ಕಿವಿ ಕೆಂಪಾಗಿತ್ತು. "ಹೊಲ್ದವರಲ್ಲ, ಕೊಯ್ದವರು. ಅಜ್ಜಿ ಕತ್ತಿ ಜಾರಿ ಕೊಂಬಿನ ತುದಿಗಳೆಲ್ಲ ತುಂಡಾಗಿದ್ವು. ಅಜ್ಜಿ ಮಧ್ಯಾಹ್ನ ಮಲಗಿದಾಗ ಅಮ್ಮ ಅಂಚಿನ ಚೂರು ತಗೊಂಡು ಸೇರಿಸ್ತಿದ್ಲು. ಈ ಸಲ ಮಾತ್ರ ಅಲ್ಲ. ಹೇಳ್ಬೇಡ ಅಂದಿದ್ಲು" ಎಂದು ಹೇಳಿ, ಹೇಳಿಬಿಟ್ಟೆನಲ್ಲ ಎಂದು ಅಳತೊಡಗಿದಳು. ಅವಳನ್ನು ಬೈಯಬೇಡ.

ನಾನು ಬಗ್ಗಿ ನೋಡಿದೆ. ಹತ್ತಿರದ್ದು ನನಗೆ ಕಾಣುವುದಿಲ್ಲ. ದೂರದ ಬೆಟ್ಟದ ಮೇಲಿನ ಕುರಿಯನ್ನು ಎಣಿಸುತ್ತೇನೆ, ಕತ್ತಿಯ ಮೊನೆ ಮಾತ್ರ ಎರಡು ವರ್ಷದಿಂದ ಹೊಗೆಯೊಳಗೆ ಇದ್ದ ಹಾಗೆ. ಕೈಗೆ ದಾರಿ ಗೊತ್ತಿದೆ, ಕಣ್ಣು ಯಾಕೆ ಎಂದುಕೊಂಡಿದ್ದೆ. ಬೆರಳಾಡಿಸಿ ಎಣಿಸಿದೆ. ಹನ್ನೊಂದು ತೇಪೆ. ಉಗುರಿನಷ್ಟು ಚಿಕ್ಕವು, ಉಣ್ಣೆಯ ನಾರು ನಾರಿಗೆ ಕೂಡುವ ಹಾಗೆ ಕೂರಿಸಿದವು. ಒಂದು ಕೊಂಬಿಗಂತೂ ತುದಿಯೇ ಇರಲಿಲ್ಲ, ನೀನೇ ಹೊಸದಾಗಿ ಬಗ್ಗಿಸಿದ್ದೀಯ.

ಮಕ್ಕಳು ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ವಾದಕ್ಕೆ ಬಿದ್ದವು. "ಹೇಳ್ದೆ ಕೇಳ್ದೆ ಸರಿ ಮಾಡಿದ್ರಲ್ಲ, ಅವರೇ ಒಳ್ಳೆ ಕಲಾವಿದೆ" ಅಂದ ತಿಲೆಕ್. "ಅದ್ಹೇಗೆ? ಹೇಳ್ದೇ ಇದ್ರೆ ಅಜ್ಜಿ ತಪ್ಪು ಕೊಯ್ತಾನೇ ಇರ್ತಾರೆ, ಅವರು ಸೇರಿಸ್ತಾನೇ ಇರ್ತಾರೆ" ಅಂದಳು ಸೆಜಿಮ್. ಬುರುಲ್ಚಾ ನನ್ನ ಕಡೆ ತಿರುಗಿ, "ನೀವೇನಂತೀರಿ ಅಜ್ಜಿ?" ಎಂದು ಮೆಲ್ಲಗೆ ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ಎಪ್ಪತ್ತೊಂದು ವರ್ಷದಲ್ಲಿ ಈ ಮಾತನ್ನು ಅಷ್ಟು ಜನರ ಮುಂದೆ ಹೇಳಿದ್ದು ಅದೇ ಮೊದಲು. ಗಂಟೆ ಹೊಡೆಯಿತು, ಮಕ್ಕಳು ಓಡಿದವು. ಬೋರ್ಡಿನ ಮೇಲಿನ ಪ್ರಶ್ನೆ ಹಾಗೇ ಇತ್ತು.

ಅಂದಿನಿಂದ ನನ್ನ ತಲೆಯೊಳಗೆ ಮಜ್ಜಿಗೆ ಕಡೆದ ಹಾಗಾಗಿದೆ. ಹೋದ ವರ್ಷ ನಾರಿನ್ ಪಟ್ಟಣದಲ್ಲಿ ನನಗೆ ಸನ್ಮಾನದ ನಿಲುವಂಗಿ ಹೊದಿಸಿ, ಹಾಸನ್ನು ಮುಟ್ಟಿ ಇದು ಉಮ್‌ಸುನೈ ಕೈ ಅಂದರಲ್ಲ, ಅವರು ಮುಟ್ಟಿ ನೋಡಿದ್ದು ಯಾರ ಕೈಯನ್ನು? ನೀನು ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ನಿನಗೆ ನಗು ಬಂದಿತ್ತೇ? ಒಂದು ಹೊತ್ತು ನಿನ್ನ ಮೇಲೆ ಕೋಪ ಬರುತ್ತದೆ, ಮುದುಕಿಯನ್ನು ಹೀಗೆ ಬೆಪ್ಪು ಮಾಡುವುದೇ ಎಂದು. ಇನ್ನೊಂದು ಹೊತ್ತು ಅನ್ನಿಸುತ್ತದೆ, ನೀನು ಹೇಳಿದ್ದರೆ ನಾನು ಕೇಳುತ್ತಿದ್ದೆನೇ? ಮೊದಲು ಸೂಜಿ ನೆಟ್ಟಗೆ ಹಿಡಿಯೋದು ಕಲಿ ಅನ್ನುತ್ತಿದ್ದೆ. ತಪ್ಪು ಮಾಡದವರು ಕಲಾವಿದರು ಅನ್ನುವುದಾದರೆ ನಾನು ಲೆಕ್ಕಕ್ಕಿಲ್ಲ. ತಪ್ಪು ಮುಚ್ಚುವವರು ಅನ್ನುವುದಾದರೆ, ತಪ್ಪೇ ಇಲ್ಲದ ಹಾಸನ್ನು ಕೊಟ್ಟಾಗ ನೀನು ಏನಾಗುತ್ತೀಯ? ಸಗಿನ್‌ನನ್ನು ಕೇಳಿದೆ. "ನಂಗೆ ಕುರಿ ವಿಷ್ಯ ಕೇಳಮ್ಮ" ಅಂದ. ಅವನಿಂದ ಇನ್ನೇನು ಬರುತ್ತದೆ.

ಇನ್ನೊಂದು ಮಾತು. ಆಗಸ್ಟ್‌ನಲ್ಲಿ ಪಕ್ಕದ ಮನೆಯ ಬಾತ್ಮಾ ಮಗಳ ಮದುವೆಗೆಂದು ಶಿರ್ದಾಕ್ ನೋಡಲು ಬಂದ ದಿನ ಆ ಹುಡುಗಿ ನೂರು ಕೊಂಬು ಬಿಟ್ಟು ನೀನು ಬಗ್ಗಿಸಿದ ಕೊಂಬಿನ ಮೇಲೇ ಕೈಯಿಟ್ಟು, ಇದು ಎಷ್ಟು ಚೆನ್ನಾಗಿದೆ ಅಂದಳು. ನಾನು ಆ ಮಾತು ಆಡಿದ್ದು ಅದಾದ ಮೇಲೆ. "ನಮ್ ಸೊಸೆ ಕೈಗೆ ಸಿಕ್ರೆ ಟಗರಿನ ಕೊಂಬೂ ಹಸುವಿನ ಬಾಲ ಆಗತ್ತೆ" ಅಂದೆ, ಎಲ್ಲರೂ ನಕ್ಕರು. ಇನ್ನೂ ಕೂತಿರಿ ಅನ್ನಲು ಅರ್ಧ ಬಟ್ಟಲು ಸುರಿಯುವುದು ನಮ್ಮ ರೂಢಿ, ನೀನು ಎಲ್ಲರ ಬಟ್ಟಲಿಗೂ ತುಳುಕುವಷ್ಟು ಚಹಾ ಸುರಿದೆ. "ಇದೇನೇ, ಎದ್ದು ಹೋಗಿ ಅಂತಿದೀಯಾ?" ಎಂದು ಬಾತ್ಮಾ ಕೇಳಿದಳು. ಮರುದಿನ ನೀನೇ ಎದ್ದು ಹೋದೆ. ಸುರುಳಿ ಕೆಟ್ಟಿತ್ತೆಂದು ನನಗೆ ಸಿಟ್ಟು ಬಂತೋ, ಚೆನ್ನಾಗಿತ್ತೆಂದು ಬಂತೋ, ಅದೂ ಈಗ ಸರಿಯಾಗಿ ಗೊತ್ತಾಗುತ್ತಿಲ್ಲ.

ಚಳಿ ಜಾಸ್ತಿಯಾಗುತ್ತಿದೆ, ಎದೆ ಮುಚ್ಚಿಕೊಂಡು ಓಡಾಡು. ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ. ನಿನ್ನ ಒಲೆ ಆರದಿರಲಿ, ಯಾವ ಮನೆಯಲ್ಲಿದ್ದರೂ.

ನಿನ್ನ ಅತ್ತೆ,
ಉಮ್‌ಸುನೈ

ಮತ್ತೆ: ಈ ಕಾಗದ ಕೊಂಡೊಯ್ಯಲು ಸಗಿನ್ ಹೊರಗೆ ಕಾರು ಬಿಸಿ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಗುರುವಾರ ನಾನು ನಿಮ್ಮ ಮನೆಗೆ ಬರುತ್ತೇನೆ. ಬಾತ್ಮಾಳನ್ನೂ ಕರೆತರುತ್ತೇನೆ, ಅಂದು ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು. ನಮಗೆಂದು ಕುರಿ ಕಡಿಯುವುದು ಬೇಡ ಎಂದು ನಿನ್ನ ತಾಯಿಗೆ ಹೇಳು. ಬಾತ್ಮಾ, ನಿನ್ನ ತಂದೆತಾಯಿ ಎಲ್ಲರ ಮುಂದೆ, ಕೆಡಿಸಿದವಳು ನಾನು, ನೀನಲ್ಲ ಎಂದು ಹೇಳುತ್ತೇನೆ. ಹೇಳಿದ ಮೇಲೆ ನೀನು ನಮ್ಮ ಜೊತೆ ಕಾರು ಹತ್ತಿದರೂ ಸರಿ, ಹತ್ತದಿದ್ದರೂ ಹೇಳಿಯೇ ಬರುತ್ತೇನೆ. ಮೂರು ದಿನದಿಂದ ಹಸುವಿನ ಎದುರು ನಿಂತು ಹೇಳಿ ಹೇಳಿ ನೋಡುತ್ತಿದ್ದೇನೆ. ಶುರುವಾಗುವುದು ಚೆನ್ನಾಗಿಯೇ ಆಗುತ್ತದೆ, ಕೊನೆಗೆ ಬೈಗುಳಕ್ಕೆ ಬಂದು ನಿಲ್ಲುತ್ತದೆ. ಅಂದೂ ಹಾಗಾದರೆ, ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊ.