ಜೋಳ ಕಾಯುವ ತಿಂಗಳಲ್ಲಿ ನಮ್ಮ ಶಾಲೆ ಎಲ್ಲಿತ್ತೆಂದರೆ

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಹಾದಿಯ ಒಂದು ಹಳ್ಳಿಯಿಂದ,
ಬನದ ಹುಣ್ಣಿಮೆಯ ಮರುದಿನ, ೧೮೫೬ನೇ ಇಸವಿ

ಶಾಲೆಗಳ ತಪಾಸಣೆ ಮಾಡುವ ಮಾನ್ಯ ಸಾಹೇಬರೇ,

ತಾವು ನಮ್ಮೂರಿಗೆ ಬಂದಿರಿ, ಶಾಲೆಯ ಗೋಡೆ ನೋಡಿದಿರಿ, ಶಾಲೆಯನ್ನು ಮಾತ್ರ ನೋಡದೆ ಹೋದಿರಿ. ಹೋದವರು ಸುಮ್ಮನಾದರೂ ಇದ್ದಿರಾ? "ಈ ಗ್ರಾಮಸ್ಥರಿಗೆ ವಿದ್ಯೆಯಲ್ಲಿ ಲೇಶಮಾತ್ರವೂ ಆಸಕ್ತಿಯಿಲ್ಲ, ಶಾಲೆಯನ್ನು ಮುಚ್ಚತಕ್ಕದ್ದು, ಮಾಸ್ತರನನ್ನು ಬೇರೆ ಊರಿಗೆ ಕಳಿಸತಕ್ಕದ್ದು" ಎಂದು ಹುಕುಂ ಬರೆದಿರಿ. ಹುಕುಮಿನ ಬೆನ್ನಿಗೇ ತಮ್ಮ ಪಟ್ಟೇವಾಲ ಬಂದು ಬಾಗಿಲಿಗೆ ಬೀಗ ಜಡಿದು, ನಮ್ಮ ಮನೆಯಲ್ಲೇ ಮಜ್ಜಿಗೆ ಕುಡಿದು, ಚಲೋ ಐತಿ ಅಂದು ಹೋದ. ಒಟ್ಟಿನಲ್ಲಿ ಸರಕಾರಕ್ಕೆ ನಮ್ಮೂರಲ್ಲಿ ಹಿಡಿಸಿದ್ದು ಮಜ್ಜಿಗೆಯೊಂದೇ. ಕಚೇರಿಗೆ ಹೋದ ಕಾಗದಗಳು ಕಚೇರಿಯಲ್ಲೇ ಹಾಯಾಗಿ ಮಲಗುತ್ತವೆಂದು ಕೇಳಿದ್ದೇನೆ. ಅದಕ್ಕೇ ಇದರದೊಂದು ಪ್ರತಿ ನಮ್ಮ ಚಾವಡಿಯ ಕಂಬದ ಮೇಲಿದೆ, ಇನ್ನೊಂದನ್ನು ಗಜೇಂದ್ರಗಡದ ಸಂತೆಯಲ್ಲಿ ನಾನೇ ನಿಂತು ಓದಲಿದ್ದೇನೆ. ನನ್ನ ದನಿ ದೊಡ್ಡದು.

ಆಸಕ್ತಿಯ ಮಾತಿಗೆ ಬರೋಣ. ಕಟ್ಟಡ ಊರಿನದು, ಮಾಸ್ತರ ಸರಕಾರದವನು ಎಂಬ ಕರಾರು ಹಾಕಿದ್ದು ತಮ್ಮ ಇಲಾಖೆಯೇ. ನಾವು ಹೂಂ ಅಂದೆವು. ನನ್ನ ಸೋದರತ್ತೆ ಕಳಕವ್ವ ತನ್ನ ದನದ ಕೊಟ್ಟಿಗೆಯನ್ನು ಬಿಟ್ಟುಕೊಟ್ಟು ಎತ್ತುಗಳನ್ನು ಮನೆಯ ಪಡಸಾಲೆಯಲ್ಲಿ ಕಟ್ಟಿದಳು. ಇಂದಿಗೂ ಅವಳ ಮನೆಗೆ ಹೋದ ನೆಂಟರು ಎತ್ತುಗಳ ಪಕ್ಕದಲ್ಲೇ ಕುಳಿತು ಉಣ್ಣಬೇಕು. ಬಡಿಗ ಬಾಬುಸಾಬ ಬಾಗಿಲು ಮಾಡಿದ, ಹುಡುಗರು ಉಸುಕು ಹರಡಿ ಅಕ್ಷರ ತಿದ್ದಲು ಹಲಗೆ ಮಾಡಿದ. ಹೆಂಗಸರು ಅಮಾವಾಸ್ಯೆಗೊಮ್ಮೆ ನೆಲ ಸಾರಿಸುತ್ತಾರೆ. ಮಳೆಗಾಲಕ್ಕೆ ಮೊದಲು ಊರವರೆಲ್ಲ ಸೇರಿ ಮಾಳಿಗೆಗೆ ಸವಳು ಮಣ್ಣು ಹಾಕುತ್ತೇವೆ, ಇಲ್ಲದಿದ್ದರೆ ನೀರು ನೇರವಾಗಿ ಮಾಸ್ತರರ ತಲೆಯ ರುಮಾಲಿನ ಮೇಲೆ ಇಳಿಯುತ್ತದೆ. ಆಸಕ್ತಿಯಿಲ್ಲದವರು ಇಷ್ಟು ಮಾಡುವುದಾದರೆ, ಆಸಕ್ತಿಯಿರುವ ಊರುಗಳಲ್ಲಿ ಏನೇನು ಮಾಡುತ್ತಾರೆಂದು ತಿಳಿಸಿದರೆ ನಾವೂ ಕಲಿತುಕೊಳ್ಳುತ್ತೇವೆ.

ಇನ್ನು ತಾವು ಬಂದ ದಿನ ಶಾಲೆಯೇಕೆ ಖಾಲಿಯಿತ್ತು? ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ನಮ್ಮ ಎರೆಹೊಲಗಳಲ್ಲಿ ಜೋಳದ ತೆನೆ ಹಾಲುಗಟ್ಟುತ್ತದೆ. ಅದು ನಮಗಿಂತ ಮೊದಲು ಗಿಳಿ ಗುಬ್ಬಿಗಳಿಗೆ ತಿಳಿಯುತ್ತದೆ. ಆ ಒಂದು ತಿಂಗಳು ಮಕ್ಕಳು ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿ, ಕೂಗಿ, ಹಕ್ಕಿ ಓಡಿಸದಿದ್ದರೆ ವರ್ಷವಿಡೀ ರೊಟ್ಟಿಯಿಲ್ಲ. ಮೊದಲ ವರ್ಷ ಈ ತಿಂಗಳಲ್ಲಿ ಮಾಸ್ತರರು ಖಾಲಿ ಶಾಲೆಯಲ್ಲಿ ಒಬ್ಬರೇ ಕುಳಿತು ತೂಕಡಿಸಿದರು, ಕಲಿತ ಮಕ್ಕಳು ಕಲಿತದ್ದನ್ನೆಲ್ಲ ಮರೆತರು. ಎರಡನೆಯ ವರ್ಷ ಮಾಸ್ತರರೂ ಊರ ಹಿರಿಯರೂ ಚಾವಡಿಯಲ್ಲಿ ಕುಳಿತು ಒಂದು ತೀರ್ಮಾನಕ್ಕೆ ಬಂದರು: ಮಕ್ಕಳು ಶಾಲೆಗೆ ಬರಲಾರದ ತಿಂಗಳು ಶಾಲೆಯೇ ಹೊಲಕ್ಕೆ ಹೋಗಲಿ.

ಆಗಿನಿಂದ ನಮ್ಮ ಶಾಲೆ ವರ್ಷಕ್ಕೊಂದು ತಿಂಗಳು ಅಟ್ಟದ ಮೇಲಿರುತ್ತದೆ. ಒಂದು ಅಟ್ಟದ ಹುಡುಗರು "ಏಳೊಂದ್ಲೆ ಏಳು" ಎಂದು ಕೂಗುತ್ತಾರೆ, ಮುಂದಿನ ಹೊಲದವರು "ಏಳೆರಡ್ಲೆ ಹದಿನಾಕು" ಎಂದು ಎತ್ತಿಕೊಳ್ಳುತ್ತಾರೆ, ಮಗ್ಗಿ ಹೊಲದಿಂದ ಹೊಲಕ್ಕೆ ಸಾಗಿ ಹಳ್ಳದ ದಂಡೆ ಮುಟ್ಟುತ್ತದೆ. ಮಾಸ್ತರರು ಬದುವಿನ ಮೇಲೆ ಓಡಾಡುತ್ತ ತಪ್ಪಿದವರನ್ನು ತಿದ್ದುತ್ತಾರೆ. ಹೀಗೆ ಶುರುಮಾಡಿದ ವರ್ಷ ಹಕ್ಕಿಗಳು ಒಂದು ಕಡೆಯೂ ಕೂರಲಾರದೆ ರಾಜೂರಿನ ಹೊಲಗಳಿಗೆ ಹೋದವು. ರಾಜೂರಿನವರು ಬಂದು ಜಗಳ ತೆಗೆದರು, ಆಮೇಲೆ ತಮಗೂ ಒಬ್ಬ ಮಾಸ್ತರ ಸಿಗಬಹುದೇ ಎಂದು ಕೇಳಿ ಹೋದರು. ವಿದ್ಯೆಯಿಂದ ಕಣ್ಣಿಗೆ ಕಾಣುವ ಲಾಭವೇನೆಂದು ಗೊಣಗುತ್ತಿದ್ದ ಮುದುಕರೆಲ್ಲ ಆ ವರ್ಷ ಬಾಯಿ ಮುಚ್ಚಿದರು.

ಇಂಥ ದಿನದಲ್ಲಿ ತಾವು ಬಂದಿರಿ. ಹೇಗೆ ಬಂದಿರಿ? ಡೇರೆ ಹೊಡೆಸಿದಿರಿ, ಪಟ್ಟೇವಾಲನ ಕೈಯಲ್ಲಿ ಅಳತೆಯ ಸರಪಳಿ ಕೊಟ್ಟು ಶಾಲೆಯ ಉದ್ದಗಲ ಅಳೆಸಿದಿರಿ, ಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆಯನ್ನು ಈ ಕಟ್ಟಡ ಯಾರದು, ಹೊಲವೆಷ್ಟು, ಊರಲ್ಲಿ ಮಕ್ಕಳೆಷ್ಟು ಎಂದು ವಿಚಾರಿಸಿದಿರಿ. ನಾನು ಆವತ್ತು ರೋಣದಲ್ಲಿದ್ದೆ. ಇದ್ದಿದ್ದರೂ ಅವಳು ಹೇಳಿದ್ದನ್ನೇ ಹೇಳುತ್ತಿದ್ದೆ. ಸರಪಳಿ ಹಿಡಿದು ಬಂದವರು ಕಂದಾಯ ಏರಿಸಲಿಕ್ಕೇ ಬಂದವರೆಂಬುದು ಇಲ್ಲಿ ತೊಟ್ಟಿಲಿನ ಕೂಸಿಗೂ ಗೊತ್ತು. ಅತ್ತೆ ಕೈ ಮುಗಿದು, ಇದು ಕುರಿ ಕಟ್ಟುವ ಜಾಗ ಎಂದಳು. ಮಕ್ಕಳೇ ಇಲ್ಲವೆಂದಳು. ಜೋಳವನ್ನೆಲ್ಲ ಹಕ್ಕಿ ತಿಂದವೆಂದು ಕಣ್ಣೊರೆಸಿಕೊಂಡಳು. ಅತ್ತ ಹೊಲಗಳಿಂದ ಮಗ್ಗಿಯ ಕೂಗು ಕೇಳುತ್ತಲೇ ಇತ್ತು. ಅದೇನು ಗದ್ದಲವೆಂದು ತಾವು ಕೇಳಿದಿರಂತೆ, ಹಕ್ಕಿ ಓಡಿಸುತ್ತಿದ್ದಾರೆಂದು ತಮ್ಮ ಪಟ್ಟೇವಾಲ ಹೇಳಿದನಂತೆ. ಅಂದು ಖರೇ ನುಡಿದವನು ಅವನೊಬ್ಬನೇ.

ಶಾಲೆಯ ತಪಾಸಣೆಗೆ ಬಂದಿದ್ದೇನೆಂದು ತಾವು ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು? ಅತ್ತೆ ಸುಳ್ಳು ಹೇಳಿದ್ದು ಹೌದು, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಸರಕಾರವೆಂದರೆ ಊರು ಯಾಕೆ ಕದ ಹಾಕಿಕೊಳ್ಳುತ್ತದೆಂದು ತಾವೂ ಒಮ್ಮೆ ಯೋಚಿಸಬೇಕು. ನರಗುಂದದ ಸಂಸ್ಥಾನದವರಾಗಲಿ, ಕಂಪನಿಯವರಾಗಲಿ, ಈ ಸೀಮೆಗೆ ಇದುವರೆಗೆ ಬಂದ ದೊಡ್ಡವರೆಲ್ಲ ಒಯ್ಯಲಿಕ್ಕೆ ಬಂದವರು. ಕೊಡಲಿಕ್ಕೆ ಬಂದ ಸಾಹೇಬರು ತಾವೇ ಮೊದಲು. ಗುರುತು ಹಿಡಿಯುವುದು ಹೇಗೆ? ಗೋಡೆ ನಮ್ಮದು, ಮಾಸ್ತರರು ನಿಮ್ಮವರು, ಮಕ್ಕಳು ಇಬ್ಬರಿಗೂ ಸೇರಿದವರು ಎಂದ ಮೇಲೆ ವರ್ಷಕ್ಕೊಮ್ಮೆಯಾದರೂ ಎದುರುಬದುರು ಕೂತು ಮಾತಾಡಬೇಕಲ್ಲವೇ? ಬೀಗರೂ ಅಷ್ಟು ಮಾಡುತ್ತಾರೆ.

ಹುಕುಂ ಓದಿ ಹೇಳಿದ ದಿನ ಅತ್ತೆ ಚಾವಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಬಂದಿದ್ದವರು ಸಾಲಿ ಸಾಹೇಬರೆಂದು ಅವಳಿಗೆ ಆಗಲೇ ತಿಳಿದದ್ದು. ಬಾಬುಸಾಬ ಪಕ್ಕಕ್ಕೆ ಬಂದು, "ನಾ ಇದ್ರೂ ಹಂಗಽ ಹೇಳ್ತಿದ್ನಿ ಬಿಡಬೇ ಯಕ್ಕಾ" ಎಂದು ಸಮಾಧಾನ ಹೇಳಿದ. ಅತ್ತೆ ತಲೆ ಎತ್ತಲಿಲ್ಲ. "ಎತ್ತು ಪಡಸಾಲ್ಯಾಗ ಕಟ್ಟಿ ಸಾಲಿ ಮಾಡಿದಾಕಿ ನಾನು. ನನ್ನ ಬಾಯಿಲೇ ಅದಕ್ಕ ಕೀಲಿ ಬಿತ್ತಲ್ಲೋ" ಎಂದಳು. ಎತ್ತುಗಳನ್ನು ಮತ್ತೆ ಕೊಟ್ಟಿಗೆಗೆ ಕಟ್ಟಬಹುದಲ್ಲ ಎಂದು ಯಾರೋ ಅಂದದ್ದಕ್ಕೆ ಅವಳು ನೋಡಿದ ನೋಟಕ್ಕೆ ಆತ ಅಲ್ಲಿಂದ ಎದ್ದೇ ಹೋದ. ಸದಾ ನಗಿಸುವ ಹೆಂಗಸು ಅವಳು. ಅವಳು ಹಾಗೆ ಕುಳಿತದ್ದನ್ನು ನೋಡಲು ನನಗೆ ಬಹಳ ಕಷ್ಟವಾಯಿತು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಹುಕುಂ ಹಿಂದಕ್ಕೆ ತೆಗೆದುಕೊಂಡು ಬೀಗ ತೆರೆಸಬೇಕು. ಹೊಸ ಊರಿನ ಅಪ್ಪಣೆ ಕಾಯುತ್ತ ಅಬ್ಬಿಗೇರಿಯಲ್ಲಿ ಪರರ ಜಗುಲಿಯ ಮೇಲಿರುವ ಮಾಸ್ತರರನ್ನು ನಮಗೇ ಮರಳಿಸಬೇಕು. ರಜೆಯನ್ನೂ ಪಾಠವನ್ನೂ ನಿಶ್ಚಯಿಸುವಾಗ ನಮ್ಮ ಬೆಳೆಯನ್ನೂ ಒಂದು ಮಾತು ಕೇಳಬೇಕು. ಇನ್ನು ಮುಂದೆ ಬರುವಾಗ ಹಿಂದಿನ ದಿನವೇ ಡಂಗುರ ಸಾರಿಸಿ, ಸರಪಳಿಯನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.

ತಡಮಾಡಬೇಡಿ. ಯಾಕೆಂದರೆ ಹುಕುಂ ಬಂದಾಗಿನಿಂದ ಅತ್ತೆ ಬೆಳಿಗ್ಗೆ ಎದ್ದು ಊರ ಮುಂದಿನ ಹಾದಿಯಲ್ಲಿ ನಿಲ್ಲುತ್ತಾಳೆ. ತಮ್ಮ ಮುಖ ಅವಳಿಗೆ ನೆನಪಿಲ್ಲ. ಅಂದು ಹೆದರಿಕೆಯಲ್ಲಿ ತಲೆ ಎತ್ತಿ ನೋಡಿರಲಿಲ್ಲ. ಹೀಗಾಗಿ ಹಾದಿಯಲ್ಲಿ ಬರುವ ಅಪರಿಚಿತರೆಲ್ಲರನ್ನೂ ನಿಲ್ಲಿಸುತ್ತಾಳೆ. ನಿನ್ನೆ ಯಾವಗಲ್ ಊರಿನ ಕಡೆಯಿಂದ ಬಂದ ಬಳೆಗಾರನೊಬ್ಬನನ್ನು ನಿಲ್ಲಿಸಿ ಕೈ ಮುಗಿದು, "ನಮ್ಮೂರಾಗ ಸಾಲಿ ಐತ್ರಿ. ಹುಡುಗರೂ ಭಾಳ ಅದಾರ್ರಿ. ಅವತ್ತ ನಾ ಸುಳ್ಳು ಹೇಳೀನ್ರಿ" ಎಂದಳು. ಬಳೆಗಾರ ಪಾಪ, ಏನೂ ತಿಳಿಯದೆ, ಆಗಲಿ ತಾಯಿ ಎಂದು ಮುಂದೆ ಹೋದ. ಆ ಮಾತು ಕೇಳಿಸಿಕೊಳ್ಳಬೇಕಾದವರು ತಾವು. ಒಮ್ಮೆ ಆ ಹಾದಿಯಲ್ಲಿ ಬನ್ನಿ.

ಇಂತಿ,
ಹತ್ತಿಯ ವ್ಯಾಪಾರ ಬದಿಗಿಟ್ಟು ಅತ್ತೆಯನ್ನು ದಿನಾ ಮನೆಗೆ ಕರೆತರುವುದೇ ಉದ್ಯೋಗವಾಗಿರುವ
ತೋಟಪ್ಪ